ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಪುಣೆಗೆ: ಏರಿಯಾ ಆರಿಸುವ ಕೆಲಸ ಎಲ್ಲಿಂದ ಶುರುವಾಗಬೇಕು

ಪುಣೆಗೆ ವರ್ಗವಾಯಿತು ಎನ್ನುವವರೆಲ್ಲ ಮೊದಲು ಕೇಳುವುದು, ಆಫೀಸಿಗೆ ಯಾವ ಏರಿಯಾ ಹತ್ತಿರ ಎಂದು. ಮಕ್ಕಳಿಲ್ಲದವರಿಗೆ, ಇಲ್ಲವೇ ಮಕ್ಕಳು ದೊಡ್ಡವರಾದವರಿಗೆ ಆ ಪ್ರಶ್ನೆ ಸರಿ. ಆರು ವರ್ಷದೊಳಗಿನ ಮಕ್ಕಳಿದ್ದರೆ ಹುಡುಕಾಟ ಇನ್ನೊಂದು ತುದಿಯಿಂದ ಶುರುವಾಗಬೇಕು. ನರ್ಸರಿ ಬಿಡುವುದು ಮಧ್ಯಾಹ್ನ ಹನ್ನೆರಡರ ಆಸುಪಾಸು. ಅಪ್ಪ ಅಮ್ಮ ಮನೆ ಸೇರುವುದು ಏಳಕ್ಕೋ ಎಂಟಕ್ಕೋ. ನಡುವಿನ ಅಷ್ಟು ಹೊತ್ತು ಮಗು ಎಲ್ಲಿರುತ್ತದೆ, ಯಾರ ಕೈಯಲ್ಲಿರುತ್ತದೆ, ಜ್ವರ ಬಂತೆಂದು ಫೋನ್ ಬಂದರೆ ಯಾರು ಎಷ್ಟು ಹೊತ್ತಿನಲ್ಲಿ ತಲುಪುತ್ತಾರೆ? ಇದಕ್ಕೆ ಉತ್ತರ ಸಿಗುವ ಏರಿಯಾವೇ ನಿಮ್ಮ ಏರಿಯಾ. ಫ್ಲ್ಯಾಟು ಆಮೇಲಿನ ಮಾತು.

ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ, ಬೆಂಗಳೂರು, ಮಂಗಳೂರು ಕಡೆಯಿಂದ ಇಲ್ಲಿಗೆ ಬರುವ ಕುಟುಂಬಗಳ ಜೊತೆ ಮನೆ, ಶಾಲೆ ನೋಡಲು ನಾವು ಕೆಲವರು ಓಡಾಡುತ್ತ ಬಂದಿದ್ದೇವೆ. ಆ ಕೆಲಸ ಯಾವ ಕ್ರಮದಲ್ಲಿ ಮಾಡಿದರೆ ಸಲೀಸು, ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ನಕಾಶೆ ತೆರೆದು ಮುಂಬೈ–ಬೆಂಗಳೂರು ಹೆದ್ದಾರಿಯ ಬೈಪಾಸನ್ನು ಗುರುತಿಸಿಕೊಳ್ಳಿ. ಕಾತ್ರಜ್ ಸುರಂಗ ಇಳಿದು ನವಲೆ ಬ್ರಿಜ್, ವಾರ್ಜೆ, ಚಾಂದನಿ ಚೌಕ, ಬಾವಧನ, ಬಾಣೇರ್, ವಾಕಡ್, ಪುನಾವಳೆ, ರಾವೇತ್ ದಾಟಿ ದೇಹೂ ರೋಡಿನ ತನಕ ಅದು ಊರಿನ ಪಶ್ಚಿಮದ ಅಂಚನ್ನು ಸೀಳಿಕೊಂಡು ಹೋಗುತ್ತದೆ. ಹಿಂಜೆವಾಡಿಯ ಐಟಿ ಪಾರ್ಕ್ ಅದರ ಆಚೆಗಿದೆ. ವಾಕಡ್, ಬಾಣೇರ್‌ಗಳ ಹೆಚ್ಚಿನ ಭಾಗ ಈಚೆಗೆ. ಮಗುವಿನ ಶಾಲೆ, ಡೇಕೇರ್, ಮಕ್ಕಳ ಡಾಕ್ಟರು ಮತ್ತು ಮನೆ ಈ ನಾಲ್ಕೂ ಹೆದ್ದಾರಿಯ ಒಂದೇ ಮಗ್ಗುಲಿಗೆ ಇರಬೇಕು. ದೊಡ್ಡವರು ದಾಟಲಿ, ಮಗು ದಾಟಬಾರದು. ನಕಾಶೆಯಲ್ಲಿ ಒಂದೂವರೆ ಕಿಲೋಮೀಟರ್ ಎಂದು ಕಾಣುವ ಶಾಲೆ ಹೆದ್ದಾರಿಯ ಆಚೆಗಿದ್ದರೆ ಅಂಡರ್‌ಪಾಸ್ ಹುಡುಕಿಕೊಂಡು ಸರ್ವಿಸ್ ರಸ್ತೆಯಲ್ಲಿ ಸುತ್ತಬೇಕು. ಆ ಸರ್ವಿಸ್ ರಸ್ತೆಗಳು ಎಲ್ಲ ಕಡೆ ಒಂದಕ್ಕೊಂದು ಕೂಡಿಕೊಂಡಿಲ್ಲ. ಜುಲೈ ಮಳೆಯಲ್ಲಿ ಅಂಡರ್‌ಪಾಸಿನಲ್ಲಿ ನೀರು ನಿಂತರೆ ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುವುದು ಸಾಧ್ಯವೇ ಇಲ್ಲ. ಕಾತ್ರಜ್ ಸುರಂಗದಿಂದ ನವಲೆ ಬ್ರಿಜ್‌ವರೆಗಿನ ಇಳಿಜಾರಿನಲ್ಲಿ ಬ್ರೇಕ್ ಕಳೆದುಕೊಂಡ ಲಾರಿಗಳು ಮಾಡಿರುವ ಅಪಘಾತಗಳನ್ನು ಪುಣೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿ ದಿನಾ ಮಗುವಿನ ಜೊತೆ ರಸ್ತೆ ದಾಟುವ ಮನೆಯನ್ನು, ಬಾಡಿಗೆ ಎಷ್ಟೇ ಕಡಿಮೆ ಇರಲಿ, ನಾವು ಯಾರಿಗೂ ಹೇಳುವುದಿಲ್ಲ.

ಪೂರ್ವದಲ್ಲಿ ಇದೇ ಲೆಕ್ಕ ಅಹಮದ್‌ನಗರದ (ಈಗಿನ ಅಹಿಲ್ಯಾನಗರ) ಕಡೆ ಹೋಗುವ ‘ನಗರ ರಸ್ತೆ’ಗೂ ಹಡಪ್ಸರ್–ಮುಂಢ್ವಾ ಕಡೆಯ ರೈಲು ಹಳಿಗೂ ಅನ್ವಯಿಸುತ್ತದೆ. ಪುಣೆಗೆ ಅಂಟಿಕೊಂಡಿರುವ, ಬೇರೆಯೇ ಪಾಲಿಕೆಯ ಪಿಂಪ್ರಿ-ಚಿಂಚವಡದಲ್ಲಿ ಹಳೆಯ ಪುಣೆ–ಮುಂಬೈ ರಸ್ತೆ ಮತ್ತು ಅದರ ಪಕ್ಕದ ಹಳಿ.

ಓಡಾಟದ ಸಮಯ ನೋಡಲು ಭಾನುವಾರ ಬರಬೇಡಿ. ಮನೆ ನೋಡಲು ಊರಿಂದ ಬರುವವರು ಶನಿವಾರ-ಭಾನುವಾರ ಬಂದು, ಖಾಲಿ ರಸ್ತೆಯಲ್ಲಿ ಇಪ್ಪತ್ತು ನಿಮಿಷಕ್ಕೆ ತಲುಪಿ, ಟೋಕನ್ (ಮುಂಗಡ) ಕೊಟ್ಟು ಹೋಗುತ್ತಾರೆ. ಅದೇ ದಾರಿ ಬುಧವಾರ ಸಂಜೆ ಆರೂವರೆಗೆ ಭೂಮಕರ್ ಚೌಕದಲ್ಲೋ ವಾಕಡ್ ಬ್ರಿಜ್ ಕೆಳಗೋ ಒಂದು ಗಂಟೆ ನುಂಗುತ್ತದೆ. ವಾರದ ನಡುವೆ ರಜೆ ಹಾಕಿ ಬನ್ನಿ. ಆದರೆ ಗುರುವಾರವನ್ನು ಬಿಡಬೇಡಿ. ಪುಣೆಯಲ್ಲಿ ದುರಸ್ತಿಗೆಂದು ಕರೆಂಟ್ ತೆಗೆಯುವುದು, ಪಾಲಿಕೆಯ ನೀರು ನಿಲ್ಲಿಸುವುದು ಸಾಮಾನ್ಯವಾಗಿ ಗುರುವಾರ. ಆ ದಿನ ಸೊಸೈಟಿಗೆ, ಅಂದರೆ ಫ್ಲ್ಯಾಟುಗಳ ಸಮುಚ್ಚಯಕ್ಕೆ, ಹೋದರೆ ಲಿಫ್ಟಿಗೆ ಜನರೇಟರ್ ಇದೆಯೇ, ಮನೆಯೊಳಗೆ ಎಷ್ಟು ದೀಪಕ್ಕೆ ಬ್ಯಾಕಪ್ ಬರುತ್ತದೆ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಉಳಿಯುತ್ತದೆ ಎಲ್ಲ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಏಜೆಂಟ್ ಗುರುವಾರ ಬೇಡ, ಶುಕ್ರವಾರ ಬನ್ನಿ ಎಂದರೆ ಗುರುವಾರವೇ ಹೋಗಿ.

ಏರಿಯಾಗಳ ಗುಣವನ್ನು ಚುಟುಕಾಗಿ ಹೇಳುತ್ತೇವೆ. ಕೋಥರೂಡ್, ಕರ್ವೆನಗರ, ಎರಂಡವಣೆ ಹಳೆಯ ಬಡಾವಣೆಗಳು. ಪಾಲಿಕೆಯ ನೀರು, ನಡೆದೇ ಹೋಗಬಹುದಾದ ಅಂಗಡಿ, ಡಾಕ್ಟರು, ತೋಟ ಎಲ್ಲ ಇವೆ. ಕೋಥರೂಡಿನ ವನಾಜ್‌ನಿಂದ ಪೂರ್ವದ ರಾಮವಾಡಿಯ ತನಕ ಮೆಟ್ರೊ ಓಡುತ್ತದೆ. ಆದರೆ ಮೂರು ಮಹಡಿಯ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದಿಲ್ಲ, ಕಾರು ನಿಲ್ಲಿಸಲು ಜಾಗವಿಲ್ಲ, ಹಿಂಜೆವಾಡಿ ದೂರ. ನಿಗಡಿ ಪ್ರಾಧಿಕರಣ ಸೆಕ್ಟರುಗಳಾಗಿ ಯೋಜಿಸಿ ಕಟ್ಟಿದ ಭಾಗ. ಅಗಲ ರಸ್ತೆ, ನೆರಳು, ದುರ್ಗಾ ಟೇಕಡಿ. ಚಾಕಣ, ಭೋಸರಿ, ಆಕುರ್ಡಿಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ನಾವು ಮೊದಲು ತೋರಿಸುವುದು ಇದನ್ನೇ. ಹಿಂಜೆವಾಡಿಯವರಿಗೆ ಪಿಂಪಳೆ ಸೌದಾಗರ್, ಪಿಂಪಳೆ ನಿಲಖ್, ಬಾಣೇರ್, ಔಂಧ್. ಹಿಂಜೆವಾಡಿಯೊಳಗೇ ಮನೆ ಮಾಡಿದರೆ ಅಪ್ಪನ ಓಡಾಟ ಉಳಿಯುತ್ತದೆ, ನಿಜ. ಮಗು ಬಿದ್ದು ಗಲ್ಲ ಒಡೆದುಕೊಂಡ ರಾತ್ರಿ ಹೆದ್ದಾರಿ ದಾಟಿ ಬರಬೇಕಾದೀತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪೂರ್ವದ ಖರಾಡಿ, ಮಗರಪಟ್ಟಾ ಆಫೀಸಿನವರಿಗೆ ಮಗರಪಟ್ಟಾ ಒಳಗಿನ ಸೆಕ್ಟರುಗಳು ಸಣ್ಣ ಮಕ್ಕಳಿಗೆ ಹೇಳಿ ಮಾಡಿಸಿದಂತಿವೆ, ಬಾಡಿಗೆ ಮಾತ್ರ ಹೆಚ್ಚು. ವಿಮಾನನಗರ, ಲೋಹೆಗಾಂವ್ ಕಡೆ ವಾಯುಪಡೆಯ ಜೆಟ್‌ಗಳ ಸದ್ದಿಗೆ ಮಲಗಿದ ಕೂಸು ಎದ್ದುಬಿಡುತ್ತದೆ. ವಾಘೋಲಿ, ಉಂಡ್ರಿ, ಪುನಾವಳೆಯಲ್ಲಿ ಫ್ಲ್ಯಾಟು ಹೊಸದು, ಬಾಡಿಗೆ ಅಗ್ಗ, ನೀರು ಟ್ಯಾಂಕರಿನದು. ಕಾಂಕ್ರೀಟ್ ಕಲೆಸುವ ಪ್ಲಾಂಟುಗಳ ದೂಳು ಇರುವ ಕಡೆ ಉಬ್ಬಸದ ಮಕ್ಕಳನ್ನು ಇಡಬೇಡಿ.

ನದಿ ಹತ್ತಿರದ ಮನೆ ಎಂದರೆ ಎರಡು ವಿಷಯ ನೋಡಬೇಕು. ಒಂದು ಪ್ರವಾಹ. 2024ರ ಜುಲೈಯಲ್ಲಿ ಖಡಕ್‌ವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿತು. 2019ರ ಸೆಪ್ಟೆಂಬರಿನಲ್ಲಿ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಸಹಕಾರನಗರ, ಅರಣ್ಯೇಶ್ವರದ ಕಡೆ ಜೀವಗಳೇ ಹೋದವು. ನದಿಯ ನೀಲಿ ರೇಖೆ 25 ವರ್ಷಕ್ಕೊಮ್ಮೆ ಬರುವ ಪ್ರವಾಹದ ಮಟ್ಟ, ಕೆಂಪು ರೇಖೆ 100 ವರ್ಷದ್ದು. ಏಜೆಂಟನನ್ನು ಕೇಳಿದರೆ ಉತ್ತರ ಸಿಗದು. ನೆಲಮಹಡಿಯ ಕಿರಾಣಿ ಅಂಗಡಿಯವರನ್ನು ಕೇಳಿ, ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಎರಡನೆಯದು ಸೊಳ್ಳೆ. ಮುಳಾ-ಮುಠಾದಲ್ಲಿ ಅಂತರಗಂಗೆ ಹಬ್ಬಿದಾಗ ಖರಾಡಿ, ಕೇಶವನಗರದ ಮನೆಗಳು ಸಂಜೆ ಐದಕ್ಕೇ ಕಿಟಕಿ ಮುಚ್ಚಬೇಕಾಗುತ್ತದೆ. ಫೆಬ್ರವರಿ ಸಂಜೆ ಆ ಮನೆಯ ಬಾಲ್ಕನಿಯಲ್ಲಿ ಹತ್ತು ನಿಮಿಷ ನಿಂತರೆ ಸಾಕು.

ಊರಿನ ದಾರಿಯನ್ನೂ ನೋಡಿಕೊಳ್ಳಿ. ಸಣ್ಣ ಮಕ್ಕಳಿರುವ ಮನೆಗೆ ಅಜ್ಜಿ ತಾತ ಬಂದು ಹೋಗುತ್ತಲೇ ಇರುತ್ತಾರೆ, ಹಬ್ಬಕ್ಕೆ ನೀವೂ ಹೋಗುತ್ತೀರಿ. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ಕಡೆಯ ಬಸ್ಸುಗಳು ಪಶ್ಚಿಮದ ಬೈಪಾಸ್ ಹಿಡಿಯುತ್ತವೆ; ವಾಕಡ್, ಚಾಂದನಿ ಚೌಕ, ವಾರ್ಜೆ, ಕಾತ್ರಜ್‌ನಲ್ಲಿ ಹತ್ತಬಹುದು. ವಿಜಯಪುರ, ಕಲಬುರಗಿ, ಬೀದರ್ ಕಡೆಯವರದು ಸೋಲಾಪುರ ರಸ್ತೆ. ಅವರಿಗೆ ಹಡಪ್ಸರ್ ಅನುಕೂಲ. ಕಲಬುರಗಿಯವರು ರಾವೇತ್‌ನಲ್ಲಿ ಮನೆ ಮಾಡಿದರೆ ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು ಇಡೀ ಊರು ದಾಟಬೇಕು. ಆಫೀಸು ಎರಡು ಕಡೆಗೂ ಸಮ ದೂರವಿದ್ದಾಗ ಈ ಒಂದು ಮಾತೇ ಏರಿಯಾ ತೀರ್ಮಾನಿಸಲು ಸಾಕಾಗುತ್ತದೆ.

ಇನ್ನು ಶಾಲೆ. ಮಹಾರಾಷ್ಟ್ರದಲ್ಲಿ ವಯಸ್ಸಿನ ಲೆಕ್ಕ ಡಿಸೆಂಬರ್ 31ಕ್ಕೆ: ಆ ದಿನಕ್ಕೆ 3 ತುಂಬಿದರೆ ನರ್ಸರಿ, 6 ತುಂಬಿದರೆ ಒಂದನೇ ತರಗತಿ. ಕರ್ನಾಟಕದಲ್ಲಿ ಲೆಕ್ಕ ಜೂನ್ 1ಕ್ಕೆ. ಅಕ್ಟೋಬರಿನಲ್ಲಿ ಹುಟ್ಟಿದ ಮಗು ನಮ್ಮಲ್ಲಿ ಯುಕೆಜಿಗೆ ಸೇರುವ ವರ್ಷ ಇಲ್ಲಿ ಒಂದನೇ ತರಗತಿಗೆ ಅರ್ಹ. ಒಂದು ವರ್ಷ ಉಳಿಯಿತೆಂದು ಹಲವರು ಮುಂದಿನ ತರಗತಿಗೆ ಹಾಕಿಬಿಡುತ್ತಾರೆ. ಹಾಗೆ ಮಾಡಬೇಡಿ ಎಂಬುದು ನಮ್ಮ ಸಲಹೆ. ಊರು, ಭಾಷೆ, ಗೆಳೆಯರು ಮೂರೂ ಒಟ್ಟಿಗೆ ಬದಲಾಗುವ ವರ್ಷದಲ್ಲಿ ತರಗತಿಯೂ ಜಿಗಿದರೆ ಮಗುವಿಗೆ ತೀರಾ ಭಾರ. ಎರಡು-ಮೂರು ವರ್ಷದಲ್ಲಿ ಕರ್ನಾಟಕಕ್ಕೆ ಮರಳುವ ಸಾಧ್ಯತೆ ಇದ್ದರಂತೂ ಬೇಡವೇ ಬೇಡ. ಅರ್ಜಿಯಲ್ಲಿ ನಮ್ಮ ಎಲ್‌ಕೆಜಿ ಇಲ್ಲಿ ಜೂನಿಯರ್ ಕೆಜಿ, ಯುಕೆಜಿ ಸೀನಿಯರ್ ಕೆಜಿ. ನರ್ಸರಿ ಅದಕ್ಕೂ ಮೊದಲಿನದು.

ಹೆಸರಿರುವ ಶಾಲೆಗಳಲ್ಲಿ ಮುಂದಿನ ಬೇಸಿಗೆಯ ಸೀಟುಗಳು ಹಿಂದಿನ ಅಕ್ಟೋಬರ್–ಡಿಸೆಂಬರ್‌ನಲ್ಲೇ ತುಂಬುತ್ತವೆ. ವರ್ಗದ ಆದೇಶ ಬರುವುದು ಮಾರ್ಚಿನಲ್ಲಿ. ಹಾಗಾಗಿ ನರ್ಸರಿ ಮಟ್ಟದಲ್ಲಿ ದೊಡ್ಡ ಶಾಲೆಯ ಬೆನ್ನು ಹತ್ತದೆ, ಮನೆಯಿಂದ ಕಾಲ್ನಡಿಗೆಯ ಬಾಲವಾಡಿಗೆ ಹಾಕಿ, ಮುಂದಿನ ವರ್ಷ ನೆಮ್ಮದಿಯಾಗಿ ಶಾಲೆ ಹುಡುಕುವುದು ಒಳ್ಳೆಯದು. ಇಬ್ಬರು ಮಕ್ಕಳಿದ್ದರೆ ಪಾಳಿ ಕೇಳಿ. ಪುಣೆಯ ಅನೇಕ ಶಾಲೆಗಳು ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಎರಡಾಗಿ ನಡೆಯುತ್ತವೆ. ಒಂದು ಮಗು ಏಳಕ್ಕೆ ಹೊರಟು ಹನ್ನೆರಡೂವರೆಗೆ ಬರುವಾಗ ಇನ್ನೊಂದು ಹೊರಡುತ್ತದೆ ಎಂದಾದರೆ ಮನೆಯಲ್ಲಿ ಇಡೀ ದಿನ ಒಬ್ಬರು ಕೂರಲೇಬೇಕು.

ಶಾಲೆಯ ಬಸ್ ಬಗ್ಗೆ ಎಷ್ಟು ದೂರ ಎಂದು ಕೇಳಬೇಡಿ. ನಿಮ್ಮ ಗೇಟಿನಲ್ಲಿ ಮಗು ಹತ್ತಿದ ಮೇಲೆ ಇನ್ನೆಷ್ಟು ಸ್ಟಾಪು, ಬಸ್ಸಿನಲ್ಲಿ ಒಟ್ಟು ಎಷ್ಟು ನಿಮಿಷ, ಬಸ್ ಗೇಟಿಗೆ ಬರುತ್ತದೆಯೋ ಮುಖ್ಯರಸ್ತೆಯಲ್ಲಿ ನಿಲ್ಲುತ್ತದೆಯೋ, ಮಹಿಳಾ ಅಟೆಂಡೆಂಟ್ ಇಳಿದು ಮಗುವನ್ನು ಕೈಗೆ ಒಪ್ಪಿಸುತ್ತಾರೋ ಎಂದು ಕೇಳಿ. ನಾಲ್ಕು ಕಿಲೋಮೀಟರಿನ ಶಾಲೆಗೆ ಮೊದಲ ಸ್ಟಾಪಿನ ಮಗು ಒಂದು ಗಂಟೆ ಬಸ್ಸಿನಲ್ಲಿ ಕೂರುವುದು ಇಲ್ಲಿ ಸಾಮಾನ್ಯ. ಐದು ವರ್ಷದ ಮಗುವಿಗೆ ಅರ್ಧ ಗಂಟೆಗಿಂತ ಹೆಚ್ಚು ಬೇಡ.

ಮರಾಠಿಯ ವಿಷಯ ಮೊದಲೇ ತಿಳಿದಿರಲಿ. 2020ರ ಕಾಯ್ದೆಯಿಂದ ಮಹಾರಾಷ್ಟ್ರದಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸಲೇಬೇಕು. ಒಂದನೇ ತರಗತಿಗೆ ಬರುವ ಮಗುವಿಗೆ ಇದು ಹೊರೆಯೇ ಅಲ್ಲ, ಆಟವಾಡುತ್ತಲೇ ಕಲಿಯುತ್ತದೆ. ಮೂರು-ನಾಲ್ಕನೇ ತರಗತಿಗೆ ಬರುವ ಮಗುವಿಗೆ ಮಾತ್ರ ಬೇಸಿಗೆಯಲ್ಲೇ ದೇವನಾಗರಿ ಅಕ್ಷರ ಕೈಹಿಡಿಸಿರಬೇಕು. ಹಾಗೆಂದು ಕನ್ನಡ ಬಿಡಬೇಕಾಗಿಲ್ಲ. ಎರಂಡವಣೆಯ ಗಣೇಶನಗರದಲ್ಲಿ ಪುಣೆ ಕನ್ನಡ ಸಂಘ ಇದೆ, ಅದರ ಶಿಕ್ಷಣ ಸಂಸ್ಥೆಗಳಿವೆ, ಸಭಾಂಗಣದಲ್ಲಿ ಕಾರ್ಯಕ್ರಮಗಳು ನಡೆಯುತ್ತವೆ. ವಾರಕ್ಕೊಮ್ಮೆ ಬೇರೆ ಮಕ್ಕಳ ಬಾಯಲ್ಲಿ ಕನ್ನಡ ಕೇಳಿಸಿಕೊಳ್ಳುವ ಮಗು ಮನೆಯಲ್ಲೂ ಕನ್ನಡದಲ್ಲೇ ಉತ್ತರ ಕೊಡುತ್ತದೆ. ಅಜ್ಜಿ ತಾತನಿಗೂ ಮಾತಿಗೆ ಜನ ಸಿಗುತ್ತಾರೆ. ಆ ಜೊತೆ ಇಲ್ಲದೆ ಹಿರಿಯರು ಬೇಸತ್ತು ವಾಪಸ್ ಹೊರಟರೆ ಮಗುವನ್ನು ನೋಡಿಕೊಳ್ಳುವ ಏರ್ಪಾಡೇ ಕುಸಿಯುತ್ತದೆ.

ವರ್ಗಾವಣೆ ಪತ್ರ, ಅಂದರೆ ಟಿಸಿಯಲ್ಲಿ ಆಗುವ ಎಡವಟ್ಟು ಒಂದೇ ಬಗೆಯದು. ರಾಜ್ಯ ಪಠ್ಯಕ್ರಮದ ಶಾಲೆಯಿಂದ ಇಲ್ಲಿನ ಸಿಬಿಎಸ್‌ಇ ಶಾಲೆಗೆ ಬರುವವರ ಟಿಸಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುತ್ತಾರೆ. ಊರು ಬಿಟ್ಟ ಮೇಲೆ ಆ ಒಂದು ಸಹಿಗೆ ಮತ್ತೆ ಹೋಗಬೇಕಾಗುತ್ತದೆ. ಹೊರಡುವ ಮೊದಲೇ ಹಾಕಿಸಿಕೊಳ್ಳಿ. ಮಗುವಿನ ಪೆನ್ ಸಂಖ್ಯೆಯನ್ನು (ವಿದ್ಯಾರ್ಥಿಗೆ ಕೊಡುವ ಶಾಶ್ವತ ಶಿಕ್ಷಣ ಸಂಖ್ಯೆ, PEN) ಬರೆಸಿಕೊಳ್ಳಿ. ಜನನ ಪ್ರಮಾಣಪತ್ರ, ಆಧಾರ್, ತಾಯಿ ಕಾರ್ಡ್ ಇವುಗಳಲ್ಲಿ ಮಗುವಿನ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೇ ಇದೆಯೇ ನೋಡಿ. ಇಲ್ಲಿನ ಅರ್ಜಿಗಳಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಖಾನೆ ಇರುತ್ತವೆ. ಇನಿಶಿಯಲ್ ಮಾತ್ರ ಇರುವವರು ಮೊದಲ ಸಲ ತುಂಬಿದಂತೆಯೇ ಕೊನೆಯವರೆಗೂ ತುಂಬಬೇಕು, ಇಲ್ಲವಾದರೆ ಒಂದೊಂದು ದಾಖಲೆಯಲ್ಲಿ ಒಂದೊಂದು ಹೆಸರಾಗುತ್ತದೆ.

ನೀರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಣ್ಣ ಮಕ್ಕಳ ಮನೆಗೆ ಇದಕ್ಕಿಂತ ದೊಡ್ಡ ವಿಷಯವಿಲ್ಲ. ಪುಣೆ ಪಾಲಿಕೆಗೆ ಖಡಕ್‌ವಾಸಲಾ, ಪಾನಶೇತ್, ವರಸಗಾಂವ್, ಟೇಮಘರ್ ಅಣೆಕಟ್ಟುಗಳ ನೀರು. ಪೂರ್ವದ ವಿಮಾನನಗರ, ವಡಗಾಂವಶೇರಿ ಕಡೆಗೆ ಭಾಮಾ ಆಸಖೇಡದ್ದು. ಪಿಂಪ್ರಿ-ಚಿಂಚವಡಕ್ಕೆ ಮುಖ್ಯವಾಗಿ ಪವನಾ. ಪಿಂಪ್ರಿ-ಚಿಂಚವಡ ಪಾಲಿಕೆ 2019ರ ನವೆಂಬರಿನಿಂದ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ತಂದಿತು. ಪಾಲಿಕೆಗೆ ಇತ್ತೀಚೆಗೆ ಸೇರಿದ ಹಳ್ಳಿಗಳಲ್ಲಿ ಕೊಳವೆ ಇನ್ನೂ ಎಲ್ಲ ಕಡೆ ಬಂದಿಲ್ಲ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಿರ್ಕಟವಾಡಿ, ನಾಂದೇಡ ಗಾಂವ್, ಧಾಯರಿ ಸುತ್ತ ನರಗಳಿಗೆ ತಗಲುವ ಗಿಯಾನ್-ಬಾರೆ (ಜಿಬಿಎಸ್) ಕಾಯಿಲೆ ಹಬ್ಬಿದಾಗ ಬೆರಳು ನೀರಿನ ಕಡೆಗೇ ತಿರುಗಿತು. ಹಾಗಾಗಿ ಸೊಸೈಟಿಯಲ್ಲಿ "ನೀರು ಹೇಗೆ" ಎಂದು ಕೇಳಿ "ಚೆನ್ನಾಗಿದೆ" ಎಂಬ ಉತ್ತರಕ್ಕೆ ತಲೆಯಾಡಿಸಿ ಬರಬೇಡಿ.

ಗೇಟಿನ ವಾಚ್‌ಮನ್ ಹತ್ತಿರ ಹೋಗಿ, "ಕಾಕಾ, ರೋಜ್ ಟ್ಯಾಂಕರ್ ಕಿತಿ ಯೇತಾತ್?" ಎಂದು ಕೇಳಿ. ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತವೆ ಎಂದು ಅವರು ಸರಿಯಾಗಿ ಹೇಳುತ್ತಾರೆ, ಗೇಟಿನ ರಿಜಿಸ್ಟರಿನಲ್ಲಿ ಬರೆದೂ ಇರುತ್ತದೆ. ಲೆಕ್ಕ ನೀವೇ ಹಾಕಿ: ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಮಾನದಂಡ, ನಾಲ್ವರ ಮನೆಗೆ 540. ಹತ್ತು ಸಾವಿರ ಲೀಟರಿನ ಒಂದು ಟ್ಯಾಂಕರ್ ಹದಿನೆಂಟು ಮನೆಗೆ ಒಂದು ದಿನಕ್ಕೆ ಸಾಲುತ್ತದೆ. 200 ಮನೆಯ ಸೊಸೈಟಿಗೆ ದಿನಕ್ಕೆ ಹತ್ತು-ಹನ್ನೊಂದು ಟ್ಯಾಂಕರ್ ಬರುತ್ತಿದ್ದರೆ ಅಲ್ಲಿ ಪಾಲಿಕೆಯ ನೀರು ಹೆಸರಿಗಷ್ಟೇ ಎಂದರ್ಥ. ಎರಡೋ ಮೂರೋ ಬರುತ್ತಿದ್ದರೆ ಪರವಾಗಿಲ್ಲ, ಆದರೆ ಏಪ್ರಿಲ್–ಮೇ ತಿಂಗಳ ಪುಟ ತಿರುವಿ ನೋಡಿ.

ಆಮೇಲೆ ನಲ್ಲಿಯ ಪರೀಕ್ಷೆ. ಈಜುಕೊಳದ ಸಾಮಾನು ಮಾರುವವರ ಬಳಿ ಕ್ಲೋರಿನ್ ಪರೀಕ್ಷಿಸುವ ಪುಟ್ಟ ಪೆಟ್ಟಿಗೆ ಸಿಗುತ್ತದೆ. ಅಡುಗೆಮನೆಯ ನಲ್ಲಿಯನ್ನು ಒಂದು ನಿಮಿಷ ಹರಿಯಲು ಬಿಟ್ಟು, ಗಾಜಿನ ನಳಿಕೆಗೆ ಗೆರೆಯವರೆಗೆ ನೀರು ಹಿಡಿದು, ಅದರಲ್ಲಿ ಹೇಳಿರುವಷ್ಟು ಹನಿ ಆರ್ಥೊಟೋಲಿಡಿನ್ ಹಾಕಿ ಅಲುಗಾಡಿಸಿ. ತಿಳಿ ಹಳದಿ ಬಂದರೆ ಕ್ಲೋರಿನ್ ಇದೆ. ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಿ, ಲೀಟರಿಗೆ 0.2 ಮಿಲಿಗ್ರಾಂ ಆದರೂ ಇರಬೇಕು. ಬಣ್ಣವೇ ಬರದಿದ್ದರೆ ಸಂಪಿನಿಂದ ನಲ್ಲಿಯವರೆಗೆ ಎಲ್ಲಿ ಕೊಳೆ ಸೇರಿದರೂ ತಡೆಯುವುದು ಏನೂ ಇಲ್ಲ. ಪರೀಕ್ಷೆಯ ನೀರನ್ನು ಚೆಲ್ಲಿ ಕೈ ತೊಳೆಯಿರಿ, ಸೀಸೆ ಮಕ್ಕಳ ಕೈಗೆ ಸಿಗದಿರಲಿ. ಟಿಡಿಎಸ್ ಮೀಟರ್ ಹಿಡಿದು 150 ಬಂತು, ನೀರು ಶುದ್ಧ ಎನ್ನುವವರಿದ್ದಾರೆ. ಅದು ಕರಗಿದ ಲವಣವನ್ನಷ್ಟೇ ಅಳೆಯುತ್ತದೆ, ರೋಗಾಣು ಅದಕ್ಕೆ ಕಾಣುವುದಿಲ್ಲ. ಹಾಗೆಂದು ಮೀಟರ್ ಬೇಡವೆಂದಲ್ಲ. 500 ದಾಟಿದರೆ ಬೋರಿನ ಗಡಸು ನೀರು ಬೆರೆಯುತ್ತಿದೆ. ಬೇಳೆ ಬೇಯುವುದಿಲ್ಲ, ಕೂಸಿನ ಚರ್ಮ ಒಣಗುತ್ತದೆ. ಕೊನೆಗೆ ಸಂಪು ತೊಳೆದ ತಾರೀಖು, ಕೊಳಚೆ ಶುದ್ಧೀಕರಣ ಘಟಕ ಸಂಪಿನಿಂದ ಎಷ್ಟು ದೂರ ಎಂದು ಸೆಕ್ರೆಟರಿಯನ್ನು ಕೇಳಿ. ತಾರೀಖು ಗೋಡೆಗೆ ಬರೆದಿಡುವ ಸೊಸೈಟಿಗಳಿವೆ, ಅಂಥದ್ದು ಕಂಡರೆ ಬಿಡಬೇಡಿ.

ಸೊಸೈಟಿಯನ್ನು ಸಂಜೆ ಐದೂವರೆಯಿಂದ ಏಳರ ನಡುವೆ ನೋಡಬೇಕು. ನಿಮ್ಮ ಮಗುವಿನ ಓರಗೆಯ ಮಕ್ಕಳು ಕೆಳಗೆ ಎಷ್ಟಿದ್ದಾರೆ, ಜೊತೆಗೆ ಕೂತವರು ಯಾರು, ಆಟದ ಜಾಗಕ್ಕೂ ಕಾರು ಓಡಾಡುವ ದಾರಿಗೂ ನಡುವೆ ಕಟ್ಟೆ ಇದೆಯೇ ಎಂದು ಗಮನಿಸಿ. ಸಂಪಿನ ಮುಚ್ಚಳ ಮಗು ನಿಂತರೆ ತಿರುಗುವಂತಿದೆಯೇ, ಕಾಲಲ್ಲಿ ತಟ್ಟಿ ನೋಡಿ. ಈಜುಕೊಳದ ಬಾಗಿಲಿಗೆ ಚಿಲಕ ದೊಡ್ಡವರ ಎತ್ತರದಲ್ಲಿರಬೇಕು. ಬಾಲ್ಕನಿಯ ಸರಳುಗಳ ಸಂದು ಟೇಪಿನಲ್ಲಿ ಅಳೆಯಿರಿ. 10 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಸಣ್ಣ ಮಗು ತೂರಿಬಿಡುತ್ತದೆ. ಅಡ್ಡ ಸರಳಿನ ಕಟಕಟೆಯಾದರೆ ಅದು ಏಣಿಯೇ ಸರಿ, ಬಲೆ ಹಾಕಿಸಲು ಮಾಲೀಕರ ಮತ್ತು ಸೊಸೈಟಿಯ ಒಪ್ಪಿಗೆಯನ್ನು ಟೋಕನ್ ಕೊಡುವ ಮೊದಲೇ ಪಡೆಯಿರಿ. ಗಣೇಶೋತ್ಸವಕ್ಕೆ ಮುಂಚಿನ ವಾರಗಳಲ್ಲಿ ನದಿ ದಂಡೆ, ಮೈದಾನಗಳಲ್ಲಿ ಢೋಲ್-ತಾಶಾ ತಂಡಗಳ ತಾಲೀಮು ಸಂಜೆಯಿಡೀ ನಡೆಯುತ್ತದೆ. ಕೈಗೂಸಿದ್ದರೆ ಹತ್ತಿರದ ಮೈದಾನದ ಬಗ್ಗೆ ವಿಚಾರಿಸಿ.

ಡೇಕೇರಿಗೆ ಇಲ್ಲಿ ಪಾಳಣಾಘರ ಎನ್ನುತ್ತಾರೆ. ಒಳ್ಳೆಯವು ಎಷ್ಟೋ ಸಲ ಯಾರದೋ ಫ್ಲ್ಯಾಟಿನಲ್ಲೇ ನಡೆಯುತ್ತವೆ, ಬೋರ್ಡ್ ಕೂಡ ಇರುವುದಿಲ್ಲ. ಹೊತ್ತು ಗೊತ್ತು ಹೇಳದೆ ಮಧ್ಯಾಹ್ನ ಎರಡೂವರೆಗೆ ಹೋಗಿ, ಮಕ್ಕಳು ಮಲಗುವ ಹೊತ್ತದು. ಹಾಸಿಗೆ, ಬಚ್ಚಲು, ಮಕ್ಕಳನ್ನು ನೋಡುವ ಮಾವಶಿಯವರ ಸಂಖ್ಯೆ, ಟಿವಿ ಓಡುತ್ತಿದೆಯೋ ಇಲ್ಲವೋ ಎಲ್ಲ ಕಾಣುತ್ತದೆ. ಬರೀ ಕನ್ನಡ ಬರುವ ಎರಡು ವರ್ಷದ ಮಗುವನ್ನು ಬಿಡುವಾಗ ಒಂದು ರಟ್ಟಿನ ಮೇಲೆ ಅದರ ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಎದುರಿಗೆ ಮರಾಠಿ ಬರೆದು ಗೋಡೆಗೆ ಅಂಟಿಸಲು ಕೊಡಿ: ನೀರು–ಪಾಣಿ, ಹಸಿವು–ಭೂಕ್, ನಿದ್ದೆ–ಝೋಪ್, ಬೇಡ–ನಕೋ, ಸಾಕು–ಪುರೇ. ಸುಸ್ಸು, ಕಕ್ಕ, ಅಬ್ಬು ಎಂದು ನಿಮ್ಮ ಮಗು ಯಾವುದಕ್ಕೆ ಏನನ್ನುತ್ತದೋ ಅದನ್ನೇ ಬರೆಯಿರಿ. ಮೊದಲ ವಾರ ಮಗು ಅಳುವುದರಲ್ಲಿ ಅರ್ಧ, ಕೇಳಿದ್ದು ಯಾರಿಗೂ ತಿಳಿಯದೆ ಅಳುವ ಅಳು. ಈ ರಟ್ಟು ಅದನ್ನು ತಪ್ಪಿಸುತ್ತದೆ.

ಮಕ್ಕಳ ಡಾಕ್ಟರನ್ನು ಕಾಯಿಲೆ ಬರುವ ಮೊದಲೇ ಗೊತ್ತು ಮಾಡಿಕೊಳ್ಳಿ. ತಾಯಿ ಕಾರ್ಡನ್ನು ತೋರಿಸಿ ಬಾಕಿ ಲಸಿಕೆಯ ತಾರೀಖು ಬರೆಸಿ. ಒಂದೂವರೆ ವರ್ಷದ ಬೂಸ್ಟರ್, ಐದು ವರ್ಷದ ಬೂಸ್ಟರ್ ಊರು ಬದಲಿಸುವ ಗಡಿಬಿಡಿಯಲ್ಲೇ ತಪ್ಪುವುದು. ಪಾಲಿಕೆಯ ದವಾಖಾನೆಗಳಲ್ಲಿ ಸರ್ಕಾರಿ ಪಟ್ಟಿಯ ಲಸಿಕೆ ಉಚಿತ. ರಾತ್ರಿ ತೆರೆದಿರುವ, ಮಕ್ಕಳ ವಿಭಾಗವಿರುವ ಆಸ್ಪತ್ರೆಗೆ ಮನೆಯಿಂದ ಒಮ್ಮೆ ಗಾಡಿ ಓಡಿಸಿ ನೋಡಿ.

ಇಷ್ಟಾದ ಮೇಲೆ ಕರಾರು. ಇಲ್ಲಿನ ಬಾಡಿಗೆ ಪತ್ರ ಹೆಚ್ಚಾಗಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್, ಅಂದರೆ ಮನೆಯನ್ನು ಬಳಸಲು ಕೊಡುವ ಅನುಮತಿಯ ಕರಾರು. 11 ತಿಂಗಳಾದರೂ ನೋಂದಣಿ ಕಡ್ಡಾಯ, 1999ರ ಬಾಡಿಗೆ ನಿಯಂತ್ರಣ ಕಾಯ್ದೆ ಆ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದೆ. ಬರೀ ನೋಟರಿ ಸಾಕು ಎಂದರೆ ಒಪ್ಪಬೇಡಿ. ಶಾಲೆಗೆ, ಗ್ಯಾಸಿಗೆ, ಆರ್‌ಟಿಇ ಅರ್ಜಿಗೆ ಬೇಕಾಗುವುದು ನೋಂದಾಯಿತ ಪತ್ರ. ಏಜೆಂಟ್ ಮನೆಗೇ ಬಂದು ಆಧಾರ್, ಹೆಬ್ಬೆಟ್ಟು, ಫೋಟೊ ತೆಗೆದು ಮುಗಿಸುತ್ತಾರೆ. ಮುದ್ರಾಂಕ ಶುಲ್ಕ ಒಟ್ಟು ಬಾಡಿಗೆ ಮತ್ತು ಡಿಪಾಸಿಟ್ ಮೇಲಿನ ವರ್ಷಕ್ಕೆ ಶೇ. 10ರ ಬಡ್ಡಿ ಸೇರಿಸಿದ ಮೊತ್ತದ ಶೇ. 0.25. ತಿಂಗಳಿಗೆ 30,000 ಬಾಡಿಗೆ, 90,000 ಡಿಪಾಸಿಟ್ ಎಂದರೆ 11 ತಿಂಗಳಿಗೆ 3,30,000ಕ್ಕೆ 8,250 ಕೂಡಿಸಿ, ಅದರ ಮೇಲೆ ಸುಮಾರು 850 ರೂಪಾಯಿ. ಪಾಲಿಕೆಯ ಗಡಿಯೊಳಗೆ ನೋಂದಣಿ ಶುಲ್ಕ 1,000. ಇದರಾಚೆಗೆ ಏಜೆಂಟ್ ಕೇಳುವುದು ಅವರ ಕೂಲಿ, ಚೌಕಾಸಿ ಮಾಡಬಹುದು. ಬಾಡಿಗೆದಾರರು ಇದ್ದಾರೆಂದು ಸೊಸೈಟಿ ಮಾಲೀಕರಿಂದ ತೆಗೆದುಕೊಳ್ಳುವ ಶುಲ್ಕ ಸೇವಾಶುಲ್ಕದ ಶೇ. 10ನ್ನು ಮೀರುವಂತಿಲ್ಲ. ಅದನ್ನು ನಿಮ್ಮ ತಲೆಗೆ ಕಟ್ಟಲು ಬಂದರೆ ಈ ನಿಯಮ ನೆನಪಿರಲಿ. ಪೊಲೀಸ್ ಪರಿಶೀಲನೆಯ ಅರ್ಜಿ ಆನ್‌ಲೈನಿನಲ್ಲೇ ಆಗುತ್ತದೆ, ರಸೀತಿ ಇಟ್ಟುಕೊಳ್ಳಿ.

ಕರಾರಿನ ಲಾಕ್-ಇನ್ ಅವಧಿ, ಅಂದರೆ ನಡುವೆ ಮನೆ ಬಿಡುವಂತಿಲ್ಲದ ಅವಧಿ, ಆರು ತಿಂಗಳು ಎಂದು ಬರೆದಿರುವುದು ಸಾಮಾನ್ಯ. ಸಣ್ಣ ಮಕ್ಕಳಿರುವವರು ಅದನ್ನು ಮೂರಕ್ಕೆ ಇಳಿಸಲು ಕೇಳಿ, ಆಮೇಲೆ ಒಂದು ತಿಂಗಳ ನೋಟಿಸ್. ಏಪ್ರಿಲ್–ಮೇಯಲ್ಲಿ ಬಂದವರಿಗೆ ನೀರಿನ ಕಷ್ಟ ಆಗಲೇ ಕಾಣುತ್ತದೆ, ರಸ್ತೆಯ ಕಷ್ಟ ಜೂನ್ ಕೊನೆಗೆ ಶಾಲೆಯೂ ಮಳೆಯೂ ಕೂಡಿದಾಗ. ಮೂರು ತಿಂಗಳಲ್ಲಿ ಎರಡೂ ತಿಳಿದುಹೋಗುತ್ತದೆ, ಬೇಡವಾದರೆ ಅದೇ ಶಾಲೆಯ ಸುತ್ತಲೇ ಬೇರೆ ಮನೆ ನೋಡಬಹುದು. ಕೀ ಕೈಗೆ ಬಂದ ದಿನ ಸಾಮಾನು ಇಳಿಸುವ ಮೊದಲು ಗೋಡೆಯ ಕಲೆ, ನಲ್ಲಿ, ಫ್ಯಾನ್, ಗೀಸರ್, ಕಿಟಕಿ ಜಾಲರಿ, ಮೀಟರ್ ರೀಡಿಂಗ್ ಎಲ್ಲದರ ಫೋಟೊ ತೆಗೆದು ಮಾಲೀಕರಿಗೆ ಅದೇ ಸಂಜೆ ವಾಟ್ಸಾಪ್ ಮಾಡಿ. ಮಕ್ಕಳು ಗೋಡೆಗೆ ಬಳಪ ಎಳೆದೇ ಎಳೆಯುತ್ತಾರೆ. ಬಣ್ಣದ ಖರ್ಚಿಗೆ ಡಿಪಾಸಿಟಿನಲ್ಲಿ ಗರಿಷ್ಠ ಎಷ್ಟು ಹಿಡಿಯಬಹುದು ಎಂಬ ಒಂದು ಸಾಲು ಕರಾರಿನಲ್ಲೇ ಬರೆಸಿ. ಬಿಡುವ ದಿನ ಆ ಫೋಟೊಗಳನ್ನೇ ಮುಂದಿಟ್ಟು ಲೆಕ್ಕ ಮಾಡಿ, ಹಣ ಖಾತೆಗೆ ಬಿದ್ದ ಮೇಲೆ ಕೀ ಕೊಡಿ.